ಪಾಲಿಸಿಗೆ ಡಿಸೆಂಬರ್ 31 ಗೊತ್ತಿಲ್ಲ

ಬೇರೆಯವರ ವರ್ಷಾಂತ್ಯದ ಲೆಕ್ಕ ಮುಗಿಸಿಕೊಡುವುದೇ ನನ್ನ ಉದ್ಯೋಗ. ಹತ್ತಾರು ಸಣ್ಣ ವ್ಯಾಪಾರಿಗಳ ಖಾತೆ ಪುಸ್ತಕ ನೋಡುತ್ತೇನೆ. ಯಾವ ರಿಟರ್ನ್ ಯಾವ ತಾರೀಕಿನೊಳಗೆ ಹೋಗಬೇಕು ಎಂಬುದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಅಂಥವಳು 2024ರ ಡಿಸೆಂಬರ್ 20ರಂದು, ವರ್ಷ ಮುಗಿಯಲು ಇನ್ನೂ ಹನ್ನೊಂದು ದಿನ ಇದೆಯಲ್ಲ ಎಂಬ ಧೈರ್ಯದಲ್ಲಿ, ವಿಮಾ ಕಂಪನಿಯ ಆ್ಯಪ್ ತೆರೆದು ನಮ್ಮಿಬ್ಬರ ಉಚಿತ ಆರೋಗ್ಯ ತಪಾಸಣೆಗೆ ದಿನ ಗೊತ್ತುಮಾಡಲು ಕುಳಿತೆ. ಹಿಂದಿನ ಅವಧಿಯ ತಪಾಸಣೆಯ ಎದುರು ‘ಬಳಸಿಲ್ಲ, ಅವಧಿ ಮುಗಿದಿದೆ’ ಎಂದು ಬೂದು ಬಣ್ಣದಲ್ಲಿ ಬರೆದಿತ್ತು. ನಮ್ಮ ಪಾಲಿಸಿಯ ವರ್ಷ ಡಿಸೆಂಬರ್ 11ರ ಮಧ್ಯರಾತ್ರಿಗೇ ಮುಗಿದಿತ್ತು. ನವೀಕರಣದ ಹಣ ಬ್ಯಾಂಕಿನಿಂದ ತಾನಾಗಿಯೇ ಕಡಿತವಾಗಿದ್ದರಿಂದ ಆ ದಿನ ಬಂದು ಹೋದದ್ದೂ ನನಗೆ ತಿಳಿದಿರಲಿಲ್ಲ. ಹೊಸ ವರ್ಷಕ್ಕೆ ಹೊಸ ತಪಾಸಣೆ ಬಂದಿತ್ತು, ನಿಜ. ಆದರೆ ಹೋದದ್ದು ಹೋಯಿತು, ಹಳೆಯದನ್ನು ಸೇರಿಸಿ ಕೊಡುವ ಪದ್ಧತಿ ಇಲ್ಲ.

ಆ ನಾಚಿಕೆಯಿಂದಲೇ 2025ರ ನವೆಂಬರ್ 2ರ ಭಾನುವಾರ ಮನೆಯ ಎಲ್ಲ ಪಾಲಿಸಿಗಳನ್ನೂ ಹಾಸಿನ ಮೇಲೆ ಹರಡಿಕೊಂಡು ಕುಳಿತೆ. ಎಲ್ಲ ಎಂದರೆ ಮೂರು. ಒಂದು, ನಾನು, ಯಜಮಾನರು, ಮಗಳು ಸೇರಿದ ಹತ್ತು ಲಕ್ಷದ ಫ್ಯಾಮಿಲಿ ಫ್ಲೋಟರ್ (ಒಂದೇ ಮೊತ್ತವನ್ನು ಮೂವರೂ ಹಂಚಿಕೊಳ್ಳುವ ಪಾಲಿಸಿ), ಮುಗಿಯುವುದು ಡಿಸೆಂಬರ್ 11ಕ್ಕೆ. ಇನ್ನೊಂದು, 68 ವರ್ಷದ ನಮ್ಮ ಅತ್ತೆಯವರದು, ಐದು ಲಕ್ಷದ್ದು, ಜನವರಿ 27ಕ್ಕೆ. ಮೂರನೆಯದು ಯಜಮಾನರ ಕಚೇರಿಯ ಸಮೂಹ ವಿಮೆ, ಮಾರ್ಚ್ 31ಕ್ಕೆ. ಆದಾಯ ತೆರಿಗೆಯ ವರ್ಷವೂ ಮಾರ್ಚ್ 31ಕ್ಕೇ. ಒಂದಾದರೂ ಡಿಸೆಂಬರ್ 31ಕ್ಕೆ ಮುಗಿಯುತ್ತದೆಯೇ ಎಂದು ನೋಡಿದರೆ, ಇಲ್ಲ. ಗೋಡೆಯ ಕ್ಯಾಲೆಂಡರ್ ನೋಡಿ ‘ವರ್ಷ ಮುಗಿಯುವ ಮೊದಲು ಮಾಡಿದರಾಯಿತು’ ಎನ್ನುವವರು ಮೊದಲು ಪಾಲಿಸಿಯ ಮೊದಲ ಪುಟದಲ್ಲಿ ‘ವಿಮೆಯ ಅವಧಿ’ ಎಂದು ಬರೆದ ಸಾಲನ್ನು ನೋಡಬೇಕು.

ಕುಳಿತ ಕೂಡಲೇ ಒಂದು ನಷ್ಟ ಕಣ್ಣಿಗೆ ಬಿತ್ತು. ಫ್ಲೋಟರ್ ಕಂಪನಿಯ ಸೇವೆ ನನಗೆ ಬೇಸರ ತರಿಸಿತ್ತು, ಬೇರೆ ಕಂಪನಿಗೆ ಪೋರ್ಟ್ ಮಾಡಿಕೊಳ್ಳುವ ಯೋಚನೆ ಇತ್ತು. ಅದಕ್ಕೆ ನವೀಕರಣದ ದಿನಕ್ಕಿಂತ ಕನಿಷ್ಠ 45 ದಿನ ಮೊದಲೇ ಅರ್ಜಿ ಹೋಗಿರಬೇಕು ಎನ್ನುತ್ತಾರೆ. ಬೆರಳು ಮಡಚಿ ಎಣಿಸಿದೆ. ಉಳಿದದ್ದು 39. ಆರು ದಿನಕ್ಕೆ ತಪ್ಪಿತು. ಹೀಗಾಗಿ ಇನ್ನೊಂದು ವರ್ಷ ಅದೇ ಕಂಪನಿಯ ಜೊತೆ ಸಂಸಾರ.

ಮಿಕ್ಕದ್ದನ್ನು ಎರಡು ಗುಂಪು ಮಾಡಿದೆ. ವರ್ಷ ಮುಗಿದರೆ ಹಾಳಾಗುವಂಥವು ಒಂದು ಕಡೆ: ತಪಾಸಣೆ, ಹೊರರೋಗಿ ಖರ್ಚಿನ ಮಿತಿ, ಒಂದೊಂದು ಕಾಯಿಲೆಗೆ ವರ್ಷಕ್ಕಿಷ್ಟು ಎಂದು ಕಟ್ಟಿಟ್ಟ ಮೊತ್ತ, ಆಸ್ಪತ್ರೆಯಿಂದ ಬಂದ ನಂತರದ ಬಿಲ್ಲುಗಳು. ಬಳಸದೆ ಬಿಟ್ಟರೆ ಬೆಳೆಯುವಂಥದ್ದು ಇನ್ನೊಂದು ಕಡೆ: ಬೋನಸ್. ಈ ಭೇದ ತಿಳಿಯದೆ ‘ಕಟ್ಟಿದ ದುಡ್ಡು ವಸೂಲು ಮಾಡಬೇಕು’ ಎಂದು ಹೊರಡುವವರನ್ನು ಕಂಡಿದ್ದೇನೆ. ನಮ್ಮ ಬಂಧುವೊಬ್ಬರು ಸಾಧಾರಣ ಜ್ವರಕ್ಕೆ ಒಂದು ದಿನ ದಾಖಲಾಗಿ ಒಂಬತ್ತು ಸಾವಿರದ ಕ್ಲೇಮ್ ಪಡೆದು ಗೆದ್ದೆವೆಂದುಕೊಂಡರು. ನವೀಕರಣದಲ್ಲಿ ಅವರ ವಿಮಾ ಮೊತ್ತದಿಂದ ಐವತ್ತು ಸಾವಿರದ ಬೋನಸ್ ಇಳಿದಿತ್ತು. ಬೋನಸ್ ಎಂದರೆ ಕೈಗೆ ಬರುವ ಹಣವಲ್ಲ, ದೊಡ್ಡ ಕಾಯಿಲೆ ಬಂದ ದಿನ ಹೆಗಲು ಕೊಡುವ ಹೆಚ್ಚುವರಿ ರಕ್ಷಣೆ. ಅದು ಹೋದದ್ದು ಆ ದಿನದವರೆಗೂ ಗೊತ್ತಾಗುವುದಿಲ್ಲ.

ನಮ್ಮ ಫ್ಲೋಟರ್‌ನಲ್ಲಿ ಆ ಪ್ರಶ್ನೆ ಆಗಲೇ ಮುಗಿದಿತ್ತು. ಸೆಪ್ಟೆಂಬರ್‌ನಲ್ಲಿ ಇವರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆಗಿತ್ತು, ಆಸ್ಪತ್ರೆಯ ಬಿಲ್ಲು ಕ್ಯಾಶ್‌ಲೆಸ್‌ನಲ್ಲಿ, ಅಂದರೆ ಕಂಪನಿಯಿಂದ ನೇರವಾಗಿ ಆಸ್ಪತ್ರೆಗೆ, ಪಾವತಿಯಾಗಿತ್ತು. ಕ್ಲೇಮ್ ಆದ ಮೇಲೆ ಬೋನಸ್‌ನಲ್ಲಿ ಹತ್ತು ಶೇಕಡಾ ಇಳಿಯುವುದು ಖಚಿತ. ಅಂದ ಮೇಲೆ ಅದೇ ಕ್ಲೇಮಿಗೆ ಸೇರಿದ ಉಳಿದ ಖರ್ಚನ್ನು ಕೇಳದೆ ಬಿಡುವುದರಲ್ಲಿ ಅರ್ಥವಿಲ್ಲ. ಕ್ಲೇಮ್ ಆಗದ ವರ್ಷದಲ್ಲಿ ಸಣ್ಣ ಮೊತ್ತಕ್ಕೆ ಕೈ ಚಾಚುವ ಮೊದಲು ಎರಡು ಸಲ ಯೋಚಿಸುತ್ತೇನೆ. ಕ್ಲೇಮ್ ಆಗಿಯೇ ಹೋದ ವರ್ಷದಲ್ಲಿ ಕೊನೆಯ ಚೀಟಿಯವರೆಗೂ ಕೇಳುತ್ತೇನೆ.

ಆ ಚೀಟಿಗಳು ಎಲ್ಲಿವೆ? ನಮ್ಮ ಪಾಲಿಸಿಯಲ್ಲಿ ದಾಖಲಾಗುವ ಮೊದಲಿನ 30 ದಿನ ಮತ್ತು ಬಿಡುಗಡೆಯಾದ ನಂತರದ 60 ದಿನಗಳ ಖರ್ಚು ಸೇರುತ್ತದೆ. ಡಿಸ್ಚಾರ್ಜ್ ಆದದ್ದು ಸೆಪ್ಟೆಂಬರ್ 16ಕ್ಕೆ, ಅಂದರೆ 60 ದಿನ ನವೆಂಬರ್ 15ಕ್ಕೆ ಮುಗಿಯುತ್ತದೆ. ಅಲ್ಲಿಂದ 15 ದಿನದೊಳಗೆ ಬಿಲ್ಲು ಸಲ್ಲಿಸಬೇಕು. ನವೆಂಬರ್ 30 ನನ್ನ ಗಡುವು. ಟಿ.ವಿ. ಪಕ್ಕದ ಗೂಡಿನಲ್ಲಿ ಔಷಧಿ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿತು, ಅದರೊಳಗೆ ಹದಿನಾಲ್ಕು ಬಿಲ್ಲು. ಮೊದಲನೆಯದನ್ನು ಬಿಡಿಸಿದರೆ ಬರೀ ಬಿಳಿ ಕಾಗದ. ಅಂಗಡಿಗಳ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲಿನಲ್ಲಿ ಶಾಯಿಯೇ ಇರುವುದಿಲ್ಲ, ಕಾಗದ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುವುದು. ಟಿ.ವಿ.ಯ ಶಾಖದಲ್ಲಿ ಒಂದೂವರೆ ತಿಂಗಳಿದ್ದದ್ದಕ್ಕೆ ಮೂರು ಬಿಲ್ಲು ಅರ್ಧ ಮಾಸಿದ್ದವು, ಎರಡು ಪೂರ್ತಿ. ದೀಪದ ಎದುರು ಓರೆಯಾಗಿ ಹಿಡಿದರೆ ಬಿಲ್ಲಿನ ಸಂಖ್ಯೆ ಮಾತ್ರ ನೆರಳಿನಂತೆ ಕಾಣುತ್ತಿತ್ತು. ಆ ಸಂಖ್ಯೆಯನ್ನೇ ಬರೆದುಕೊಂಡು ಹೋಗಿ ಅಂಗಡಿಯವರಿಂದ ನಕಲು ಪ್ರತಿ ಮುದ್ರಿಸಿಕೊಂಡು ಮೊಹರು ಹಾಕಿಸಿಕೊಂಡೆ. ಈಗ ಅಂಥ ಬಿಲ್ಲು ಕೈಗೆ ಬಂದ ದಿನವೇ ಮೊಬೈಲ್‌ನಲ್ಲಿ ಚಿತ್ರ ತೆಗೆದು, ಒಂದು ಜೆರಾಕ್ಸ್ ಮಾಡಿಸಿ, ಮೂಲ ಬಿಲ್ಲಿನ ಜೊತೆಗೇ ಪಿನ್ ಹಾಕುತ್ತೇನೆ.

ಪ್ರತಿ ಔಷಧಿ ಬಿಲ್ಲಿಗೂ ಅದನ್ನು ಬರೆದುಕೊಟ್ಟ ವೈದ್ಯರ ಚೀಟಿ ಜೋಡಿಯಾಗಿರಬೇಕು, ಪ್ರತಿ ಪರೀಕ್ಷೆಯ ಬಿಲ್ಲಿಗೂ ಅದರ ವರದಿ. ಇನ್ನೊಂದು ಸಣ್ಣ ವಿಷಯ, ಆದರೆ ಸಣ್ಣದಲ್ಲ: ಅರ್ಜಿಯಲ್ಲಿ ಮೂಲ ಕ್ಯಾಶ್‌ಲೆಸ್ ಕ್ಲೇಮಿನ ಸಂಖ್ಯೆಯನ್ನು ಬರೆದು ‘ದಾಖಲಾತಿಯ ಹಿಂದಿನ ಮತ್ತು ನಂತರದ ಖರ್ಚು’ ಎಂದು ಸ್ಪಷ್ಟವಾಗಿ ನಮೂದಿಸಬೇಕು. ಇಲ್ಲವಾದರೆ ಅದು ಬಿಡಿ ಕ್ಲೇಮ್ ಎಂದು ದಾಖಲಾಗಿ, ‘ಆಸ್ಪತ್ರೆಗೆ ಸೇರಿಯೇ ಇಲ್ಲವಲ್ಲ’ ಎಂಬ ಉತ್ತರ ಬರುತ್ತದೆ. ಹದಿನಾಲ್ಕು ಬಿಲ್ಲಿನ ಒಟ್ಟು 11,640 ರೂಪಾಯಿ. ಬಂದದ್ದು 9,870. ಚೀಟಿಯಿಲ್ಲದೆ ಕೊಂಡ ಪ್ರೋಟೀನ್ ಪುಡಿಯ 1,150 ಹೋಯಿತು, ಕೈಗವಸು, ಹತ್ತಿ, ಸ್ಪಿರಿಟ್ ಎಂದು 620 ಹೋಯಿತು. ನನ್ನ ಮಟ್ಟಿಗೆ ನ್ಯಾಯವಾದ ಕಡಿತ, ಜಗಳವಾಡಲಿಲ್ಲ.

ತಪಾಸಣೆಯ ಕಥೆ ಬೇರೆ. ಇದು ಕ್ಲೇಮಲ್ಲ, ಬೋನಸ್‌ಗೆ ಏನೂ ಆಗುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿತ್ತು. ಅವಧಿಯ ಕೊನೆಗೆ ಎಲ್ಲರೂ ಮುಗಿಬೀಳುತ್ತಾರೆ, ಹಾಗಾಗಿ ನವೆಂಬರ್ 4ಕ್ಕೇ ದಿನ ಪಡೆದೆ. ಪ್ರಯೋಗಾಲಯದ ಹುಡುಗ ಬೆಳಿಗ್ಗೆ ಏಳಕ್ಕೆ ಬಂದ. ಹಿಂದಿನ ರಾತ್ರಿಯಿಂದ ಇಬ್ಬರೂ ಹೊಟ್ಟೆ ಕಾಯಿಸಿಕೊಂಡು ಕುಳಿತಿದ್ದೆವು. ಅವನ ಪಟ್ಟಿಯಲ್ಲಿ ನನ್ನ ಹೆಸರು ಮಾತ್ರ. ಇವರದಕ್ಕೆ ಬೇರೆ ಕೋರಿಕೆ ಕಳುಹಿಸಬೇಕಿತ್ತಂತೆ. ‘ಮೇಡಂ, ಒಂದು ಪಾಲಿಸಿ ಆದರೂ ಒಬ್ಬೊಬ್ಬರಿಗೂ ಬೇರೆ ಬುಕಿಂಗ್’ ಎಂದ. ಇವರು ಮಾತಾಡದೆ ಎದ್ದು ಹೋಗಿ ಕಾಫಿ ಕುಡಿದರು. ಮತ್ತೆ ದಿನ ಸಿಕ್ಕಿದ್ದು ನವೆಂಬರ್ 15ಕ್ಕೆ. ಮೊದಲೇ ಶುರುಮಾಡಿದ್ದರಿಂದ ಬಚಾವ್.

ನನ್ನ ವರದಿಯಲ್ಲಿ ಹೇಳುವಂಥದ್ದೇನಿಲ್ಲ. ಇವರದರಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.2 ಎಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಒಳಗೆ. ಕಳೆದ ವರ್ಷದ ತಪಾಸಣೆಯನ್ನು ನಾನು ಕೈಬಿಡದಿದ್ದರೆ ಒಂದು ವರ್ಷ ಮೊದಲೇ ತಿಳಿಯುತ್ತಿತ್ತೇನೋ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ.

ಇಲ್ಲೊಂದು ಇಕ್ಕಟ್ಟು. ಆ ನವೀಕರಣದಲ್ಲೇ ವಿಮಾ ಮೊತ್ತವನ್ನು ಹದಿನೈದು ಲಕ್ಷಕ್ಕೆ ಏರಿಸಬೇಕೆಂದಿದ್ದೆವು. ಇದ್ದ ಹಾಗೆಯೇ ನವೀಕರಿಸಿದರೆ ಪಾಲಿಸಿ ತೆಗೆದುಕೊಂಡ ನಂತರ ಬಂದ ಕಾಯಿಲೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹಿಂದೆ ಕ್ಲೇಮ್ ಮಾಡಿದ್ದೀರಿ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತೆಯೂ ಇಲ್ಲ. ಆದರೆ ಮೊತ್ತ ಏರಿಸಬೇಕೆಂದರೆ ಆರೋಗ್ಯದ ಪ್ರಶ್ನೆಗಳು ಮತ್ತೆ ಎದುರಾಗುತ್ತವೆ. ನಮ್ಮ ಏಜೆಂಟರು ಫೋನಿನಲ್ಲಿ ದನಿ ತಗ್ಗಿಸಿ, ‘ಇನ್ನೂ ಕಾಯಿಲೆಯೇ ಅಲ್ಲವಲ್ಲ, ಬರೆಯುವುದೇಕೆ?’ ಎಂದರು. ತಪಾಸಣೆ ಮಾಡಿಸಿದ್ದು ಅದೇ ಕಂಪನಿಯ ಖರ್ಚಿನಲ್ಲಿ, ವರದಿ ಅವರದೇ ಆ್ಯಪ್‌ನಲ್ಲಿ ಕುಳಿತಿದೆ! ಅದಿಲ್ಲದಿದ್ದರೂ ನಾನು ಬರೆಯುತ್ತಿದ್ದೆ. ಮುಚ್ಚಿಟ್ಟ ಸಂಗತಿ ಹೊರಬೀಳುವುದು ಯಾವಾಗಲೂ ಆಸ್ಪತ್ರೆಯ ಕೌಂಟರಿನ ಮುಂದೆ. 60 ತಿಂಗಳು ಸತತವಾಗಿ ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾದರೆ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣ ಹೇಳಿ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂಬ ನಿಯಮ 2024ರಲ್ಲಿ ಬಂದಿದೆ. ಮೊದಲು ಅದು 96 ತಿಂಗಳಿತ್ತು. ಆದರೆ ಹೊಸದಾಗಿ ಏರಿಸಿದ ಮೊತ್ತಕ್ಕೆ ಆ ಎಣಿಕೆಯೂ ಹೊಸದಾಗಿಯೇ ಶುರು. ಬರೆದೆವು. ಅವರು ವೈದ್ಯರ ಪತ್ರವೊಂದನ್ನು ಕೇಳಿ ಒಪ್ಪಿಕೊಂಡರು. ಹೆಚ್ಚಿಸಿದ ಐದು ಲಕ್ಷಕ್ಕೆ ಮಾತ್ರ ಸಕ್ಕರೆಗೆ ಸಂಬಂಧಿಸಿದ ಕಾಯಿಲೆಗೆ 36 ತಿಂಗಳು ಕಾಯಬೇಕು. ಹಳೆಯ ಹತ್ತು ಲಕ್ಷಕ್ಕೆ ಏನೂ ತೊಂದರೆಯಿಲ್ಲ.

ಇನ್ನು ಅತ್ತೆಯವರ ಕಣ್ಣು.

ಆಗಸ್ಟ್‌ನಲ್ಲಿಯೇ ಕಣ್ಣಿನ ವೈದ್ಯರು ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ ಎಂದಿದ್ದರು. ಅವಸರವಿಲ್ಲ, ಆದರೆ ಬಹಳ ಮುಂದೂಡಬೇಡಿ ಎಂದಿದ್ದರು. ಪೊರೆಯ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಪಾಲಿಸಿ ಕೊಂಡ ಮೇಲೆ 24 ತಿಂಗಳು ಕಾಯಬೇಕಾಗುತ್ತದೆ. ಅವರ ಪಾಲಿಸಿಗೆ ಅದು ನಾಲ್ಕನೆಯ ವರ್ಷ, ಆ ತಡೆ ದಾಟಿತ್ತು. ಮೊದಲೇ ಇದ್ದ ಸಕ್ಕರೆ ಮತ್ತು ರಕ್ತದೊತ್ತಡವನ್ನು ಕೊಳ್ಳುವಾಗಲೇ ಬರೆದಿದ್ದೆವು, ಅದರ 36 ತಿಂಗಳೂ ಕಳೆದಿದ್ದವು. ಎರಡೂ ಕಣ್ಣನ್ನು ಡಿಸೆಂಬರ್‌ನಲ್ಲಿ ಹದಿನೈದು ದಿನದ ಅಂತರದಲ್ಲಿ ಮುಗಿಸಿಬಿಡೋಣ ಎಂಬುದು ನಮ್ಮ ಯೋಜನೆ. ಆ ಭಾನುವಾರ ಪಾಲಿಸಿಯ ಹದಿನೇಳನೆಯ ಪುಟ ಓದುವವರೆಗೆ.

ಅಲ್ಲಿ ಬರೆದಿತ್ತು: ಕಣ್ಣಿನ ಪೊರೆಗೆ ಒಂದು ಪಾಲಿಸಿ ವರ್ಷದಲ್ಲಿ ಗರಿಷ್ಠ 40,000 ರೂಪಾಯಿ. ಒಂದು ಕಣ್ಣಿಗಲ್ಲ, ಒಂದು ವರ್ಷಕ್ಕೆ. ಜೊತೆಗೆ ಒಪ್ಪಿದ ಮೊತ್ತದಲ್ಲಿ 20 ಶೇಕಡಾ ನಮ್ಮ ಪಾಲು. ಆಸ್ಪತ್ರೆಯವರು ಸಾಧಾರಣ ಲೆನ್ಸಿಗೆ ಕಣ್ಣೊಂದಕ್ಕೆ 38,000 ಹೇಳಿದ್ದರು. ಎರಡನ್ನೂ ಒಂದೇ ಪಾಲಿಸಿ ವರ್ಷದಲ್ಲಿ ಮಾಡಿಸಿದರೆ 76,000ದ ಬಿಲ್ಲಿಗೆ ಒಪ್ಪುವುದು 40,000, ಅದರಲ್ಲಿ ನಮ್ಮ ಪಾಲು ಕಳೆದರೆ ಕಂಪನಿ ಕೊಡುವುದು 32,000. ಒಂದನ್ನು ಜನವರಿ 27ರ ಒಳಗೆ, ಇನ್ನೊಂದನ್ನು ನವೀಕರಣದ ನಂತರ ಮಾಡಿಸಿದರೆ ಕಣ್ಣೊಂದಕ್ಕೆ 30,400ರಂತೆ 60,800. ವ್ಯತ್ಯಾಸ 28,800 ರೂಪಾಯಿ, ಕೇವಲ ತಾರೀಕಿನದು.

ಬೋನಸ್ ಲೆಕ್ಕವನ್ನೂ ಹಾಕಿದೆ. ಅವರ ಪಾಲಿಸಿಯಲ್ಲಿ 15 ಶೇಕಡಾ ಬೋನಸ್ ಕೂಡಿತ್ತು, ಅಂದರೆ 75,000. ಕ್ಲೇಮ್ ಆದ ವರ್ಷ ಐದು ಶೇಕಡಾ ಇಳಿಯುತ್ತದೆ. ಎರಡು ವರ್ಷಕ್ಕೆ ಹಂಚಿದರೆ ಎರಡು ಸಲ ಇಳಿದು 5.75 ಲಕ್ಷದ ರಕ್ಷಣೆ 5.25ಕ್ಕೆ ಬರುತ್ತದೆ. ಒಂದೇ ವರ್ಷದಲ್ಲಿ ಮುಗಿಸಿದರೆ ಒಂದೇ ಸಲ. ಇದು ಸುಲಭದ ತೀರ್ಮಾನವಲ್ಲ. ನಾನು ಕೈಗೆ ಸಿಗುವ 28,800ನ್ನು ಆರಿಸಿದೆ, ಅಷ್ಟು ಹಣ ಒಟ್ಟಿಗೆ ಹೊಂದಿಸುವುದು ಆಗ ನಮಗೆ ಕಷ್ಟವಿತ್ತು. ಕೈಯಲ್ಲಿ ಹಣವಿದ್ದವರು ಬೇರೆ ತೀರ್ಮಾನ ಮಾಡಬಹುದು.

ಆದರೆ ಇದಕ್ಕೆಲ್ಲ ಮೊದಲು ವೈದ್ಯರನ್ನು ಕೇಳಬೇಕು. ಒಂದು ಕಣ್ಣನ್ನು ಈಗ, ಇನ್ನೊಂದನ್ನು ಫೆಬ್ರುವರಿಯಲ್ಲಿ ಮಾಡಿದರೆ ಕಣ್ಣಿಗೆ ಏನಾದರೂ ತೊಂದರೆಯೇ ಎಂದೆ. ‘ಮೊದಲನೆಯದು ಚೆನ್ನಾಗಿ ವಾಸಿಯಾದ ಮೇಲೆ ಎರಡನೆಯದು ಮಾಡುವುದೇ ನನಗೂ ಇಷ್ಟ’ ಎಂದರು. ಅವರು ಬೇಡವೆಂದಿದ್ದರೆ ಈ ಲೆಕ್ಕದ ಹಾಳೆಯನ್ನು ಹರಿದು ಹಾಕುತ್ತಿದ್ದೆ. ಅತ್ತೆಯವರಿಗೆ ಹೇಳಿದಾಗ, ‘ನನ್ನ ಕಣ್ಣಿಗೂ ಮಾರ್ಚ್ ಎಂಡಿಂಗ್ ಮಾಡಿದೆಯಲ್ಲೇ ನೀನು’ ಎಂದು ನಕ್ಕರು.

ಡಿಸೆಂಬರ್ 29ರ ಸೋಮವಾರಕ್ಕೆ ಬಲಗಣ್ಣು ಎಂದು ನಿಗದಿಯಾಯಿತು. ಆ ಬೆಳಿಗ್ಗೆ ರಕ್ತದ ಸಕ್ಕರೆ 262. ವೈದ್ಯರು ತಲೆಯಾಡಿಸಿ ವಾಪಸ್ ಕಳುಹಿಸಿದರು. ಅಲ್ಲಿಂದ ಎರಡು ವಾರ ಅತ್ತೆಯವರ ಸಕ್ಕರೆ ಇಳಿಯಿತೇ ಎಂದು ಗ್ಲುಕೋಮೀಟರ್ ನೋಡುವುದೇ ನನ್ನ ಕೆಲಸ. ಜನವರಿ 27 ಹತ್ತಿರವಾಗುತ್ತಿತ್ತು. ಯಾವ ವರ್ಷದ ಪಾಲಿಸಿ ಎಂಬುದು ಬಿಲ್ಲಿನ ತಾರೀಕಿನ ಮೇಲಲ್ಲ, ಆಸ್ಪತ್ರೆಗೆ ಸೇರಿದ ತಾರೀಕಿನ ಮೇಲೆ ನಿಲ್ಲುತ್ತದೆ. ಕೊನೆಯ ವಾರದವರೆಗೆ ಜಗ್ಗಾಡಬಾರದಿತ್ತು, ನವೆಂಬರ್‌ನಲ್ಲೇ ಮೊದಲನೆಯ ಕಣ್ಣು ಮುಗಿಸಬಹುದಿತ್ತು ಎಂದು ಆಗ ಅನಿಸಿತು. ಜನವರಿ 12ಕ್ಕೆ ಸಕ್ಕರೆ ಹತೋಟಿಗೆ ಬಂದು ದಾಖಲು ಮಾಡಿಕೊಂಡರು.

ಕ್ಯಾಶ್‌ಲೆಸ್ ಅರ್ಜಿಯ ವಿಷಯ ಹೇಳಲೇಬೇಕು. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಅರ್ಜಿ ತುಂಬುವ ಹುಡುಗಿ ಅತ್ತೆಯವರನ್ನೇ ಕೇಳಿದ್ದಾಳೆ, ‘ಅಜ್ಜಿ, ಎಷ್ಟು ದಿನದಿಂದ ಕಣ್ಣು ಮಂಜು?’ ಅತ್ತೆಯವರು, ‘ಐದಾರು ವರ್ಷವಾಯಿತಮ್ಮ, ಕನ್ನಡಕವಿಲ್ಲದೆ ಏನೂ ಓದಲಾಗುವುದಿಲ್ಲ’ ಎಂದಿದ್ದಾರೆ. ಅವಳು ‘ಈಗಿನ ಕಾಯಿಲೆಯ ಅವಧಿ’ ಎಂಬ ಚೌಕದಲ್ಲಿ ‘6 ವರ್ಷ’ ಎಂದು ಬರೆದುಬಿಟ್ಟಿದ್ದಾಳೆ. ಸಹಿಗೆ ಕಾಗದ ಬಂದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಪಾಲಿಸಿಗೆ ವಯಸ್ಸು ನಾಲ್ಕು ವರ್ಷ, ಕಾಯಿಲೆಗೆ ಆರು. ‘ಪಾಲಿಸಿ ಕೊಳ್ಳುವಾಗಲೇ ಇದ್ದದ್ದು, ತಿಳಿಸಿಲ್ಲ’ ಎಂದು ತಿರಸ್ಕರಿಸಲು ಅಷ್ಟು ಸಾಕು. ನಿಜ ಸಂಗತಿ ಏನೆಂದರೆ, ಆರು ವರ್ಷದಿಂದ ಇರುವುದು ಓದುವ ಕನ್ನಡಕ. ಪೊರೆ ಗೊತ್ತಾದದ್ದು ಕಳೆದ ಆಗಸ್ಟ್‌ನಲ್ಲಿ. ಅದೃಷ್ಟಕ್ಕೆ 2023ರಲ್ಲಿ ಕನ್ನಡಕ ಬದಲಿಸಿದಾಗ ಕಣ್ಣಿನ ವೈದ್ಯರು ಕೊಟ್ಟ ಚೀಟಿ ಕಡತದಲ್ಲಿತ್ತು, ಎರಡೂ ಕಣ್ಣಿನ ಎದುರು ‘ಲೆನ್ಸ್ ತಿಳಿಯಾಗಿದೆ’ ಎಂದು. ಅದನ್ನು ತೋರಿಸಿದ ಮೇಲೆ ವೈದ್ಯರೇ ಚೌಕವನ್ನು ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರು. ಹಳೆಯ ಚೀಟಿಗಳನ್ನು ಎಸೆಯಬೇಡಿ ಎಂದು ನಾನು ಮನೆಯಲ್ಲಿ ಹಟ ಹಿಡಿಯುವುದಕ್ಕೆ ಈಗ ಯಾರೂ ನಗುವುದಿಲ್ಲ.

ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು, ಬಿಡುಗಡೆಯ ಸಮಯದ ಅಂತಿಮ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿದೆ. ನಮಗೆ ಐವತ್ತನೆಯ ನಿಮಿಷಕ್ಕೆ ಉತ್ತರ ಬಂತು, ಉತ್ತರವೆಂದರೆ ಇನ್ನೊಂದು ಪ್ರಶ್ನೆ: ಮೊದಲ ಸಲ ಪೊರೆ ಗುರುತಿಸಿದ ಚೀಟಿ ಕಳುಹಿಸಿ. ಆಗಸ್ಟ್‌ನ ಚೀಟಿ ಕೈಯಲ್ಲೇ ಇತ್ತು. ಸಂಜೆಗೆ ಅತ್ತೆಯವರು ಹಸಿರು ಬಟ್ಟೆಯ ಕಣ್ಣುಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದರು.

ಅವರ ಪಾಲಿಸಿಯನ್ನು ಜನವರಿ 20ಕ್ಕೇ ನವೀಕರಿಸಿದೆ. ಗಡುವು ಕಳೆದರೂ 30 ದಿನ ಕಾಲಾವಕಾಶವಿದೆ ಎಂದು ಹಲವರು ನಿರಾಳವಾಗಿರುತ್ತಾರೆ. ಆ ಅವಕಾಶದಲ್ಲಿ ಪಾಲಿಸಿಯ ಸತತತೆ ಉಳಿಯುತ್ತದೆ, ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ. ಆದರೆ ವರ್ಷದ ಪ್ರೀಮಿಯಂ ಒಮ್ಮೆಗೇ ಕಟ್ಟುವ ಪಾಲಿಸಿಯಲ್ಲಿ, ಕಟ್ಟದೆ ಉಳಿದ ಆ ದಿನಗಳಲ್ಲಿ ಆಸ್ಪತ್ರೆಗೆ ಸೇರಿದರೆ ಖರ್ಚು ನಮ್ಮದೇ. ಎಡಗಣ್ಣು ಬಾಕಿ ಇಟ್ಟುಕೊಂಡು ನಾನು ಆ ಸಾಹಸ ಮಾಡುವವಳಲ್ಲ.

ಪ್ರೀಮಿಯಂ ನೋಡಿ ಒಂದು ಸಮಾಧಾನ. ಹಿಂದಿನ ವರ್ಷ 31,400ಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿ 37,052 ಕಟ್ಟಿದ್ದೆವು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ. ಕಂಪನಿ ಎಂಟು ಶೇಕಡಾ ಏರಿಸಿದ್ದರೂ 33,912ರಲ್ಲಿ ಮುಗಿಯಿತು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಹತ್ತು ಶೇಕಡಾಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂಬ ಆದೇಶ 2025ರ ಜನವರಿಯಲ್ಲಿ ಬಂದಿತ್ತು. ಏರಿಕೆ ಎಂಟಕ್ಕೇ ನಿಂತದ್ದಕ್ಕೆ ಅದೇ ಕಾರಣವಿರಬೇಕು ಎಂಬುದು ನನ್ನ ಅನುಮಾನ.

ಹಣವನ್ನು ಈ ಸಲ ಇವರ ಖಾತೆಯಿಂದ ಕಟ್ಟಿಸಿದೆ. ಇದರ ಹಿಂದೆ ನನ್ನದೇ ಒಂದು ದಡ್ಡತನವಿದೆ, ಲೆಕ್ಕ ಬರೆಯುವವಳು ಹೇಳಿಕೊಳ್ಳಲು ಮುಜುಗರವಾಗುವಂಥದ್ದು. ಹಿಂದಿನ ವರ್ಷ ಅತ್ತೆಯವರ ಪ್ರೀಮಿಯಂ ಅನ್ನು ನನ್ನ ಖಾತೆಯಿಂದ ಕಟ್ಟಿದ್ದೆ. 2026ರ ಮಾರ್ಚ್ 31ರವರೆಗೆ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯಿದೆಯ 80ಡಿ ಕಲಮಿನಲ್ಲಿ ತಮಗೆ, ಸಂಗಾತಿಗೆ, ಅವಲಂಬಿತ ಮಕ್ಕಳಿಗೆ ಮತ್ತು ತಮ್ಮ ತಂದೆತಾಯಿಗೆ ಕಟ್ಟಿದ ಪ್ರೀಮಿಯಂಗೆ ಮಾತ್ರ ವಿನಾಯಿತಿ. ಅತ್ತೆಮಾವ ಆ ಪಟ್ಟಿಯಲ್ಲಿಲ್ಲ. ಮಗ ಕಟ್ಟಿದ್ದರೆ ಸಿಗುತ್ತಿತ್ತು, ಸೊಸೆ ಕಟ್ಟಿದ್ದಕ್ಕೆ ಇಬ್ಬರಿಗೂ ಇಲ್ಲ. ಗ್ರಾಹಕರಿಗೆ ವರ್ಷವರ್ಷವೂ ಹೇಳುವ ಮಾತನ್ನು ಮನೆಯಲ್ಲಿ ಮರೆತಿದ್ದೆ! ತಮ್ಮ ಕುಟುಂಬಕ್ಕೆ 25,000, ಹಿರಿಯ ನಾಗರಿಕರಾದ ತಂದೆತಾಯಿಗೆ ಇನ್ನೂ 50,000 ಎಂಬುದು ಅಲ್ಲಿನ ಮಿತಿ. ಮುಂಜಾಗ್ರತಾ ತಪಾಸಣೆಗೆ ನಾವೇ ಕೊಟ್ಟ ಹಣದಲ್ಲಿ 5,000ದವರೆಗೆ ಇದೇ ಮಿತಿಯೊಳಗೆ ಸೇರುತ್ತದೆ. ತಪಾಸಣೆಯ ಹಣವನ್ನು ನಗದಾಗಿ ಕೊಟ್ಟಿದ್ದರೂ ನಡೆಯುತ್ತದೆ, ಪ್ರೀಮಿಯಂ ಅನ್ನು ನಗದಾಗಿ ಕಟ್ಟಿದರೆ ನಡೆಯುವುದಿಲ್ಲ. ಇದೆಲ್ಲವೂ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ. ಹೊಸ ಪದ್ಧತಿಯವರು ಮಾರ್ಚ್‌ನಲ್ಲಿ ಓಡಾಡುವ ಅಗತ್ಯವೇ ಇಲ್ಲ.

ಎಡಗಣ್ಣು ಫೆಬ್ರುವರಿ 16ಕ್ಕೆ ಆಯಿತು. ಆ ದಿನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ, ‘ಅವಧಿ’ ಚೌಕವನ್ನು ನಾನೇ ಪಕ್ಕದಲ್ಲಿ ನಿಂತು ಬರೆಸಿದೆ.

ಕೊನೆಯದು ಕಚೇರಿಯ ಸಮೂಹ ವಿಮೆ. ಅದರಲ್ಲಿ ಹಲ್ಲು ಮತ್ತು ಕನ್ನಡಕಕ್ಕೆಂದು ಕುಟುಂಬಕ್ಕೆ ವರ್ಷಕ್ಕೆ 7,500 ರೂಪಾಯಿ ಇದೆ ಎಂಬುದು ಇವರಿಗೆ ಆ ಕಚೇರಿಯಲ್ಲಿ ಆರು ವರ್ಷ ದುಡಿದ ಮೇಲೆ ಗೊತ್ತಾಯಿತು, ಅದೂ ನಾನು ಮಾನವ ಸಂಪನ್ಮೂಲ ವಿಭಾಗದಿಂದ ಸೌಲಭ್ಯಗಳ ಕೈಪಿಡಿ ತರಿಸಿ ಓದಿದ್ದಕ್ಕೆ. ಬೋನಸ್‌ನ ಗೊಡವೆ ಇಲ್ಲಿಲ್ಲ, ಉಳಿಸಿದರೆ ಮಾರ್ಚ್ 31ಕ್ಕೆ ಸೊನ್ನೆ. ನನ್ನ ದವಡೆಯ ಹಲ್ಲೊಂದಕ್ಕೆ ಬೇರಿನ ಚಿಕಿತ್ಸೆ ಬೇಕಿತ್ತು, ಮುಂದೂಡುತ್ತಲೇ ಬಂದಿದ್ದೆ. ಮಾರ್ಚ್ ಮೊದಲ ವಾರ ಶುರುಮಾಡಿದೆ. ದಂತವೈದ್ಯರು ಎಲ್ಲ ಮುಗಿದ ಮೇಲೆ ಒಂದೇ ಬಿಲ್ಲು ಕೊಡುವವರು. ಹಲ್ಲಿನ ಟೋಪಿ, ಅಂದರೆ ಕ್ರೌನ್, ಕೂರುವುದು ಏಪ್ರಿಲ್‌ನಲ್ಲಿ. ಹಾಗಾದರೆ ಪೂರ್ತಿ ಬಿಲ್ಲು ಮುಂದಿನ ವರ್ಷದ ಮಿತಿಗೆ ಹೋಗಿ ಈ ವರ್ಷದ್ದು ಹಾಳಾಗುತ್ತದೆ. ಪ್ರತಿ ಸಲದ ಕೆಲಸಕ್ಕೆ ಆಯಾ ದಿನವೇ ಹಣ ಕೊಟ್ಟು ಆಯಾ ದಿನದ ಬಿಲ್ಲು ಕೇಳಿದೆ. ಅವರಿಗೂ ಅಡ್ಡಿಯಿರಲಿಲ್ಲ. ತಾರೀಕು ಹಿಂದಕ್ಕೆ ಹಾಕಿ ಒಂದೇ ಬಿಲ್ಲು ಮಾಡಿಕೊಡಲೇ ಎಂದೂ ಸಹಾಯಕ ಕೇಳಿದ. ಬೇಡ ಎಂದೆ. ಮಾಡಿದ ದಿನಕ್ಕೆ ಮಾಡಿದ ಬಿಲ್ಲೇ ಸಾಕು. ಮಾರ್ಚ್‌ನ ಮೂರು ಭೇಟಿಗೆ 5,200, ಮಗಳ ಕನ್ನಡಕಕ್ಕೆ 2,300. ಸರಿಯಾಗಿ 7,500.

ಕನ್ನಡಕದ ಬಿಲ್ಲು ಮಾರ್ಚ್ 27ಕ್ಕೆ ವಾಪಸ್ ಬಂತು, ಕಣ್ಣು ಪರೀಕ್ಷೆಯ ಚೀಟಿ ಲಗತ್ತಿಸಿಲ್ಲವೆಂದು. ಅಂಗಡಿಯಲ್ಲೇ ಪರೀಕ್ಷೆ ಮಾಡಿದ್ದರು, ಚೀಟಿ ಕೊಟ್ಟಿರಲಿಲ್ಲ. ಮಗಳನ್ನು ಕಳುಹಿಸಿ ಬರೆಸಿಕೊಂಡು ತರಿಸಿ, 30ರ ರಾತ್ರಿ ಪೋರ್ಟಲ್‌ಗೆ ಹಾಕಿದೆ. ಏಪ್ರಿಲ್ ಎರಡನೆಯ ವಾರ ಇವರ ಖಾತೆಗೆ 7,500 ಜಮೆಯಾದ ಸಂದೇಶ ಬಂದಾಗ ನಾನು ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದೆ. ಟೋಪಿಯ ಬಿಲ್ಲು ಹೊಸ ವರ್ಷದ ಕಡತದ ಮೊದಲನೆಯ ಕಾಗದವಾಯಿತು, ಜೆರಾಕ್ಸ್ ಸಮೇತ.